ಗುಡಿಸಲು ಎಲ್ಲಿಂದ ಬಂತು, ತಮ್ಮಾ?

ಕಲಬುರಗಿ ಜಿಲ್ಲೆಯ ವಾಡಿಯಿಂದ ಒಬ್ಬ ಹುಡುಗ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯ ಮನೆತನ, ಮದುವೆ, ಮಕ್ಕಳು ಎಲ್ಲದರ ಬಗ್ಗೆ ಹನ್ನೊಂದು ಪುಟದ ಲೇಖನ ಕಳಿಸಿದ್ದಾನೆ. ‘ಬಡತನದಿಂದ ಬಾನಂಗಳಕ್ಕೆ’ ಅಂತ ಶೀರ್ಷಿಕೆ. ಬಂದ ಬರಹಕ್ಕೆಲ್ಲ ಉತ್ತರ ಬರೆಯುವ ಪುರುಸೊತ್ತು ನಮ್ಮ ಪತ್ರಿಕೆಯಲ್ಲಿ ಯಾರಿಗೂ ಇಲ್ಲ. ಇದಕ್ಕೆ ಬರೆಯುತ್ತಿರುವುದು ಸಿಟ್ಟು ಬಂದಿದ್ದಕ್ಕೆ. ಕಾಗದದಲ್ಲಿ ‘ಅಕ್ಕಾ’ ಅಂತ ಕರೆದಿದ್ದಾನೆ, ಹಾಗಾಗಿ ನಾನೂ ಏಕವಚನದಲ್ಲೇ ಮಾತಾಡುತ್ತೇನೆ. ಹೆಸರು ಹಾಕುವುದಿಲ್ಲ, ಊರಲ್ಲಿ ಅವನೂ ತಲೆ ಎತ್ತಿ ತಿರುಗಾಡಬೇಕಲ್ಲ.

ತಮ್ಮಾ,

ಒಳ್ಳೆಯ ಮಾತು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು ಬೆಂಗಳೂರಿಗೆ ಹೋಗಿ, ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ನೋಡಿದ ಪ್ಯಾರಾ ಚೆನ್ನಾಗಿದೆ. ಇಸವಿಗಳು ಸರಿಯಾಗಿವೆ: ಹುಟ್ಟಿದ್ದು 1984ರ ಆಗಸ್ಟ್ 3, ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ ಸೇರಿದ್ದು 2002ರಲ್ಲಿ, ದೇಶಕ್ಕಾಗಿ ಮೊದಲ ಪಂದ್ಯ 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು, ಅದರಲ್ಲೇ ಒಂದು ಗೋಲು, ಬೆಂಗಳೂರು ಎಫ್‌ಸಿಗೆ ಬಂದಿದ್ದು 2013ರಲ್ಲಿ. ಅಕ್ಷರ ದುಂಡಗಿವೆ. ಕಾಗುಣಿತದ ತಪ್ಪುಗಳನ್ನು ನಾನು ಮುಟ್ಟುವುದಿಲ್ಲ, ಅದನ್ನು ನೋಡಲು ಬೇರೆಯವರಿದ್ದಾರೆ.

ಇನ್ನು ನಿನ್ನ ಮೊದಲ ಸಾಲು.

‘ಸಿಕಂದರಾಬಾದಿನ ಒಂದು ಪುಟ್ಟ ಗುಡಿಸಲಿನಲ್ಲಿ, ಕಡುಬಡತನದ ಮಡಿಲಲ್ಲಿ, ಹರಿದ ಚೆಂಡನ್ನು ಎದೆಗವಚಿಕೊಂಡು ಒಬ್ಬ ಬಾಲಕ ಕನಸು ಕಾಣುತ್ತಿದ್ದ.’

ಗುಡಿಸಲು ಎಲ್ಲಿಂದ ಬಂತು? ಅವರಪ್ಪ ಭಾರತೀಯ ಭೂಸೇನೆಯ ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ವಿಭಾಗದಲ್ಲಿದ್ದವರು. ಇದನ್ನು ನೀನೇ ನಾಲ್ಕನೇ ಪುಟದಲ್ಲಿ ಬರೆದಿದ್ದೀಯ! ಸೇನೆಯಲ್ಲಿ ಇರುವವರಿಗೆ ತಿಂಗಳಿಗೆ ಪಗಾರ ಬರುತ್ತದೆ, ಕ್ವಾರ್ಟರ್ಸ್ ಸಿಗುತ್ತದೆ, ಕ್ಯಾಂಟೀನಿನಲ್ಲಿ ಸಾಮಾನು ಸಿಗುತ್ತದೆ, ಮಕ್ಕಳಿಗೆ ಶಾಲೆ ಇರುತ್ತದೆ. ಶ್ರೀಮಂತಿಕೆ ಅಲ್ಲ, ಒಪ್ಪಿದೆ. ಆದರೆ ಗುಡಿಸಲೂ ಅಲ್ಲ. ಸಿಕಂದರಾಬಾದ್ ಅಂದರೆ ದಂಡಿನ ಊರು, ಕಲಬುರಗಿಯವರಿಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ದವಾಖಾನೆಗೆ, ಮದುವೆ ಜವಳಿಗೆ, ಬಂಗಾರಕ್ಕೆ ಅತ್ತಲೇ ಓಡುವ ಜನ ನಾವು.

‘ಹರಿದ ಚೆಂಡು’. ಆಟಗಾರನ ಮಗನ ಕೈಯಲ್ಲಿ ಚೆಂಡು ಯಾಕೆ ಹರಿದಿರಬೇಕು? ಆ ಅಪ್ಪ ಸೇನೆಯ ತಂಡಕ್ಕೆ ಫುಟ್‌ಬಾಲ್ ಆಡಿದವರು.

‘ಒಬ್ಬ ಬಾಲಕ ಕನಸು ಕಾಣುತ್ತಿದ್ದ.’ ಆತ ಸಿಕಂದರಾಬಾದಿನಲ್ಲಿ ಹುಟ್ಟಿದ್ದು ನಿಜ. ಕನಸು ಕಾಣುವ ವಯಸ್ಸಿಗೆ ಆ ಊರಲ್ಲಿ ಇರಲೇ ಇಲ್ಲ. ಅಪ್ಪನ ವರ್ಗಾವಣೆಯ ಹಿಂದೆ ಗ್ಯಾಂಗ್‌ಟಾಕ್, ಡಾರ್ಜಿಲಿಂಗ್, ದೆಹಲಿ ಅಂತ ಊರೂರು, ಶಾಲೆ ಶಾಲೆ ತಿರುಗಿದ. ಒಂದೇ ವಾಕ್ಯದಲ್ಲಿ ಮೂರು ಸುಳ್ಳು, ತಮ್ಮಾ. ಲೇಖನ ಇನ್ನೂ ಸುರು ಆಗಿಲ್ಲ.

ನೀನು ಯಾಕೆ ಹೀಗೆ ಬರೆದೆ ಅನ್ನುವುದು ನನಗೆ ಗೊತ್ತಿದೆ. ಆಟಗಾರ ಅಂದಮೇಲೆ ಹಸಿದ ಹೊಟ್ಟೆ, ಹರಿದ ಬೂಟು ಇರಲೇಬೇಕು, ಇಲ್ಲದಿದ್ದರೆ ಓದುವವರ ಕಣ್ಣಲ್ಲಿ ನೀರು ಬರುವುದಿಲ್ಲ, ಕಣ್ಣಲ್ಲಿ ನೀರು ಬರದಿದ್ದರೆ ಪುಟ ತಿರುವುವುದಿಲ್ಲ ಅಂತ ನಿನಗೆ ಯಾರೋ ಹೇಳಿದ್ದಾರೆ. ಬಹುಶಃ ಪತ್ರಿಕೆಗಳನ್ನು ಓದಿಯೇ ಕಲಿತಿದ್ದೀಯ. ತಪ್ಪು ಬರೀ ನಿನ್ನದಲ್ಲ ಅಂತ ಬೇಕಾದರೆ ಒಪ್ಪುತ್ತೇನೆ. ಆದರೆ ನೀನು ಬರೆಯುತ್ತಿರುವ ಮನುಷ್ಯನನ್ನೇ ನೋಡು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು, ಛೆಟ್ರಿಯದೇ ಮೂರು ಗೋಲು, ನೋಡಲು ಬಂದವರು 2,569 ಮಂದಿ. ಆಮೇಲೆ ಆತ ಒಂದು ವಿಡಿಯೊ ಮಾಡಿ ಜನರನ್ನು ಕರೆದ. ಬನ್ನಿ, ನೋಡಿ, ಬೈಯಬೇಕು ಅನ್ನಿಸಿದರೆ ಬಂದು ಎದುರಿಗೇ ಬೈಯಿರಿ ಅನ್ನುವ ಅರ್ಥದ ಮಾತು. ಮುಂದಿನ ಪಂದ್ಯ, ಕೀನ್ಯಾ ಎದುರು, ಆತನಿಗೆ ದೇಶದ ಪರವಾಗಿ ನೂರನೆಯದು. ಮೈದಾನ ತುಂಬಿತು. ಕೈಮುಗಿದು ಜನರನ್ನು ಕರೆಯುವಾಗಲೂ ಆತ ಮನೆಯ ಕಷ್ಟ ತೋಡಿಕೊಳ್ಳಲಿಲ್ಲ. ಆತ ಕೇಳದ ಕನಿಕರವನ್ನು ನೀನು ಯಾಕೆ ಆತನ ಪರವಾಗಿ ಬೇಡುತ್ತೀಯ?

ಬಡತನವೇ ಬೇಕಿದ್ದರೆ ಅದೇ ಸಿಕಂದರಾಬಾದಿನ ಪಕ್ಕದಲ್ಲಿ ನಿಜವಾದದ್ದು ಇದೆ. ಅಮ್ಮುಗುಡ ಅನ್ನುವ ಊರು. 1936ರಲ್ಲಿ ಅಲ್ಲಿ ಫುಟ್‌ಬಾಲ್ ಆಟಗಾರ ತುಳಸಿದಾಸ್ ಬಲರಾಂ ಹುಟ್ಟಿದರು. ಆಗ ಅವರೂ ನಮ್ಮಜ್ಜಂದಿರೂ ಒಬ್ಬನೇ ನಿಜಾಮನ ರಾಜ್ಯದಲ್ಲಿದ್ದವರು. ಅವರನ್ನು ಬೆಳೆಸಿದ್ದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಮೇಷ್ಟ್ರಾಗಿದ್ದ ಅವರು ಭಾರತ ತಂಡದ ಕೋಚ್ ಆದರು. 1956ರ ನವೆಂಬರ್ 1ಕ್ಕೆ ಗುಲ್ಬರ್ಗ, ಬೀದರ, ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಮುಂದಿನ ತಿಂಗಳ ಮೊದಲ ವಾರ ರಹೀಂ ಸಾಹೇಬರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಡುತ್ತಿತ್ತು, ಬಲರಾಂ ಆ ತಂಡದಲ್ಲಿದ್ದರು, ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸಿನ ಚಿನ್ನದ ತಂಡದಲ್ಲೂ ಅವರಿದ್ದರು. ಮರುವರ್ಷ, ಮೂವತ್ತು ತುಂಬುವ ಮೊದಲೇ, ಕ್ಷಯ ಬಂದು ದೊಡ್ಡ ಆಟ ಮುಗಿಯಿತು. ಮದುವೆ ಆಗಲಿಲ್ಲ. ಕೋಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ಒಬ್ಬರೇ ಉಳಿದು 2023ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇವರ ಮನೆಯ ಕಥೆಯಿಂದ ಗುಡಿಸಲು ಕಿತ್ತು ಛೆಟ್ರಿಯ ಮನೆಗೆ ಹೊದಿಸಿದರೆ ಇಬ್ಬರಿಗೂ ಅನ್ಯಾಯ. ಒಬ್ಬರ ಕಷ್ಟ ಅಗ್ಗವಾಗುತ್ತದೆ, ಇನ್ನೊಬ್ಬರ ಮನೆ ಕಾಣದೇ ಹೋಗುತ್ತದೆ.

ನನಗೆ ಖರೇ ಸಿಟ್ಟು ತರಿಸಿದ್ದು ಎರಡನೇ ಪುಟ. ಅಲ್ಲಿ ಹೀಗಿದೆ:

‘ತಾಯಿ ಸಾಮಾನ್ಯ ಗೃಹಿಣಿ. ಮಗನ ಹೊಟ್ಟೆ ತುಂಬಿಸಿ ತಾನು ಉಪವಾಸ ಮಲಗುತ್ತಿದ್ದಳು. ಆಟದ ರಕ್ತ ತಂದೆಯಿಂದ ಹರಿದು ಬಂತು.’

ಆ ತಾಯಿ ನೇಪಾಳದ ಮಹಿಳಾ ತಂಡಕ್ಕೆ ಫುಟ್‌ಬಾಲ್ ಆಡಿದವರು. ಒಂದು ದೇಶದ ತಂಡಕ್ಕೆ. ಅವರೊಬ್ಬರೇ ಅಲ್ಲ, ಅವರ ಅವಳಿ ಸೋದರಿಯೂ ಆಡಿದವರು. ಛೆಟ್ರಿಯ ಬಗ್ಗೆ ಏನೇ ಓದಲಿ, ಮೊದಲ ಹತ್ತು ಸಾಲಿನಲ್ಲಿ ಈ ಮಾತು ಸಿಗುತ್ತದೆ. ನೀನು ಓದಿಲ್ಲ ಅಂತ ನಾನು ನಂಬುವುದಿಲ್ಲ. ಓದಿ, ಅದು ನಿನ್ನ ಕಥೆಗೆ ಹೊಂದಲಿಲ್ಲ ಅಂತ ಬಿಟ್ಟಿದ್ದೀಯ. ಉಪವಾಸ ಮಲಗುವ ತಾಯಿ ಬೇಕಾಗಿತ್ತು, ಚೆಂಡು ಒದೆಯುವ ತಾಯಿ ಸಿಕ್ಕಳು, ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ.

ಒಂದೊಂದೇ ನೋಡೋಣ. ‘ಸಾಮಾನ್ಯ’ ಅಂದಿದ್ದೀಯ. ಅವರು ಆಡಿದ ಕಾಲದಲ್ಲಿ ಇಡೀ ದಕ್ಷಿಣ ಏಷ್ಯಾದಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದೆಂದರೆ ಏನು ಅಂತ ಯೋಚಿಸಿದ್ದೀಯಾ? ಯಾರು ಬಿಟ್ಟರು, ಯಾರು ತಡೆದರು, ಯಾವ ಬಟ್ಟೆಯಲ್ಲಿ ಆಡಿದರು, ಮದುವೆಯಾದ ಮೇಲೆ ಆಟ ಏನಾಯಿತು? ನಿನ್ನ ಹನ್ನೊಂದು ಪುಟದಲ್ಲಿ ಇಂಥ ಒಂದು ಪ್ರಶ್ನೆ ಇಲ್ಲ. ‘ಉಪವಾಸ’ದ ಬಗ್ಗೆ ಮೇಲೆ ಹೇಳಿ ಆಗಿದೆ. ‘ರಕ್ತ ತಂದೆಯಿಂದ’ ಅಂತೀಯ. ರಕ್ತದ ಲೆಕ್ಕವೇ ಹಿಡಿಯುವುದಾದರೆ ತಂದೆ ಸೇನಾ ತಂಡಕ್ಕೆ ಆಡಿದರು, ತಾಯಿ ದೇಶದ ತಂಡಕ್ಕೆ. ತಕ್ಕಡಿ ಎತ್ತ ವಾಲುತ್ತದೆ, ನೀನೇ ಹೇಳು.

ಮನೆಯೊಳಗಿನ ಆಟಗಳಲ್ಲಿ ಕೂಡ ತಾಯಿ ಮಗನೆಂದು ಸೋತು ಕೊಡುತ್ತಿರಲಿಲ್ಲ, ಗೆಲ್ಲುವ ಹಟ ತನಗೆ ಬಂದಿದ್ದು ಅವರಿಂದಲೇ ಅಂತ ಆತ ಹೇಳಿಕೊಂಡಿದ್ದಾನೆ. ನೋಡು, ಇದು ತಾಯಿ! ಹುಡುಗನನ್ನು ಎದುರು ಕೂರಿಸಿಕೊಂಡು, ಅವನ ಮುಖ ಸಪ್ಪಗಾದರೂ ಬಿಡದೆ ಸೋಲಿಸುವ ಹೆಂಗಸು. ನಾನು ಓದಿದ ಆಟಗಾರರ ಜೀವನ ಲೇಖನಗಳಲ್ಲಿ ತಾಯಂದಿರು ಬರೀ ಅಳುತ್ತಾರೆ, ದೀಪ ಹಚ್ಚುತ್ತಾರೆ, ಬಳೆ ಒತ್ತೆ ಇಡುತ್ತಾರೆ. ಮಗನನ್ನು ಆಟದಲ್ಲಿ ಸೋಲಿಸಿದ ತಾಯಿ ನಿನಗೆ ಪುಕ್ಕಟೆ ಸಿಕ್ಕಿದ್ದಳು, ನೀನು ಅವಳನ್ನು ಒಲೆ ಮುಂದೆ ಕೂರಿಸಿ ಹೋದೆ.

ಇದು ನನ್ನನ್ನು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಾನು ಪತ್ರಿಕೆಯ ಕೆಲಸ ಕಲಿತಿದ್ದೇ ಸತ್ತವರ ಜಾಹೀರಾತಿನ ಕೌಂಟರಿನಲ್ಲಿ. ಡಿಗ್ರಿ ಮುಗಿಸಿ ಜಗತ್ ಸರ್ಕಲ್ ಹತ್ತಿರದ ಒಂದು ಪತ್ರಿಕೆಗೆ ವರದಿಗಾರ್ತಿ ಆಗುತ್ತೇನೆ ಅಂತ ಹೋದವಳನ್ನು ಅವರು ಮೇಜಿನ ಹಿಂದೆ ಕೂರಿಸಿ ‘ಶ್ರದ್ಧಾಂಜಲಿ ಬರಕೋ’ ಅಂದರು. ಸಾಲಿನ ಲೆಕ್ಕದಲ್ಲಿ ದುಡ್ಡು. ಒಳಗೆ ಅಚ್ಚಿನ ಮೊಳೆ ಜೋಡಿಸುವವರು ಒಂದು ಅಕ್ಷರ ಹೆಚ್ಚಾದರೂ ಗೊಣಗುತ್ತಿದ್ದರು. ಗಂಡಸು ಸತ್ತರೆ ಏನೇನಾಗಿದ್ದ ಅಂತ ಸುಲಭವಾಗಿ ಹೇಳುತ್ತಿದ್ದರು: ನಿವೃತ್ತ ತಹಶೀಲ್ದಾರ, ಅಡತಿ ವ್ಯಾಪಾರಿ, ಗುತ್ತಿಗೆದಾರ. ಹೆಂಗಸು ಸತ್ತರೆ ಹೆಸರು, ಗಂಡನ ಹೆಸರು, ಶೋಕತಪ್ತ ಗಂಡುಮಕ್ಕಳ ಹೆಸರು, ಮುಗಿಯಿತು.

ಒಂದು ಸಲ ಬ್ರಹ್ಮಪುರದ ಕಡೆಯಿಂದ ಒಬ್ಬರು ತಾಯಿಯದು ಹಾಕಿಸಲು ಬಂದರು.

‘ಅವರು ಏನ್ ಮಾಡ್ತಿದ್ರ್ರೀ?’ ಅಂತ ಕೇಳಿದೆ.

‘ಏನ್ ಮಾಡ್ತಾಳ್ರೀ, ಮನ್ಯಾಗೇ ಇದ್ದಳು.’

ಬರೆದುಕೊಂಡೆ. ಬಿಲ್ ಎಲ್ಲಿಗೆ ಕಳಿಸಲಿ ಅಂದೆ.

‘ಗಿರಣಿಗೇ ಕಳಸ್ರಿ.’

‘ಗಿರಣಿ ನಿಮ್ಮದೇನ್ರಿ?’

‘ನಮ್ಮ ಅವ್ವಂದು. ಅಪ್ಪ ಹೋದ ಮ್ಯಾಲ ಆಕೀನೇ ನಡಸ್ತಿದ್ದಳು. ಮೋಟರ್ ಕೆಟ್ರ ಆಕೀನೇ ಬಿಚ್ಚಾಕಿ.’

ಅಷ್ಟು ಹೇಳಿದ ಮೇಲೂ ಆ ಮನುಷ್ಯನಿಗೆ ತಾನು ಮೊದಲು ಏನಂದೆ ಅನ್ನುವುದು ಹೊಳೆಯಲಿಲ್ಲ. ಸುಳ್ಳು ಹೇಳುವ ಇರಾದೆ ಅವರಿಗೆ ಇರಲಿಲ್ಲ. ಕಣ್ಣ ಮುಂದೆ ಇಡೀ ಓಣಿಯ ಜೋಳ ಬೀಸಿದ ತಾಯಿ ಅವರ ಲೆಕ್ಕದಲ್ಲಿ ಮನೆಯಲ್ಲೇ ಇದ್ದಳು. ನಾನು ಒಂದು ಸಾಲು ಹೆಚ್ಚು ಹಾಕಿದೆ, ದುಡ್ಡು ತಗೊಳ್ಳಲಿಲ್ಲ, ಅದಕ್ಕೆ ಮಾಲೀಕರ ಕಡೆಯಿಂದ ಬೈಗುಳ ತಿಂದೆ. ಅವತ್ತಿನಿಂದ ಹೆಂಗಸರ ವಿಚಾರ ಬಂದರೆ ಬಿಲ್ ಎಲ್ಲಿಗೆ ಹೋಗುತ್ತದೆ ಅಂತ ಕೇಳುವ ಚಟ ಅಂಟಿಕೊಂಡಿದೆ. ಹಾಗಾಗಿ ನಿನ್ನ ‘ಸಾಮಾನ್ಯ ಗೃಹಿಣಿ’ ಓದಿದಾಗ ಪೆನ್ನಿನ ಟೋಪಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಅದೇ ಕಚೇರಿಯ ಸುದ್ದಿ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು. ನಿಜಾಮನ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು, ಕನ್ನಡ ಆಮೇಲೆ ಕಲಿತದ್ದು. ಕನ್ನಡದಲ್ಲಿ ಬರೆಯುವುದೆಂದರೆ ಬೇಸರ, ಆದರೆ ಕನ್ನಡ ಪ್ರತಿಯಲ್ಲಿ ಸುಳ್ಳು ಇದ್ದರೆ ವಾಸನೆ ಹಿಡಿಯುತ್ತಿದ್ದರು. ಯಾರ ಪ್ರತಿಯಲ್ಲಾದರೂ ಅನುಮಾನ ಬಂದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಉರ್ದು ಲಿಪಿಯಲ್ಲಿ ಎರಡೇ ಮಾತು: ‘ಕಿಸ್‌ನೆ ದೇಖಾ?’ ಯಾರು ನೋಡಿದರು? ನಮ್ಮಲ್ಲಿ ಅರ್ಧ ಜನಕ್ಕೆ ಆ ಲಿಪಿ ಬರುತ್ತಿರಲಿಲ್ಲ, ಆದರೆ ಆ ಗೀಟಿನ ಆಕಾರ ಎಲ್ಲರಿಗೂ ಬಾಯಿಪಾಠ ಆಗಿತ್ತು. ಆಳಂದದ ಕುಸ್ತಿ ವರದಿಯಲ್ಲಿ ‘ಪೈಲ್ವಾನನ ಹೃದಯ ತುಂಬಿ ಬಂತು’ ಅಂತ ಯಾರೋ ಬರೆದಿದ್ದಕ್ಕೆ ಆ ಗೀಟು ಬಿದ್ದಿದ್ದು ನೆನಪಿದೆ. ವರದಿಗಾರ ಜಗಳಕ್ಕೇ ಹೋದ. ಹಿರಿಯರು ಚಹಾ ಕುಡಿಯುತ್ತಾ, ‘ಗೆದ್ದ ಮ್ಯಾಲ ಏನ್ ಮಾಡ್ದ ಅಂತ ಬರಿ. ಅತ್ತನೋ, ನಕ್ಕನೋ, ರೊಕ್ಕ ಎಣಿಸಿದನೋ. ಎದ್ಯಾಗ ಏನ್ ತುಂಬ್ತು ಅಂಬದು ನಿನಗ್ಯಾಕ?’ ಅಂದರು.

ಈಗ ನಿನ್ನ ಮೂರನೇ ಪುಟ. ‘ಮಗನೇ, ಒಂದು ದಿನ ನೀನು ಈ ದೇಶದ ನಾಯಕನಾಗುತ್ತೀಯ ಎಂದು ತಾಯಿ ಕಣ್ಣೀರಿಟ್ಟಳು.’ ಕಿಸ್‌ನೆ ದೇಖಾ? ‘ಕ್ವೆಟ್ಟಾದಲ್ಲಿ ಗೋಲು ಬಿದ್ದ ಕ್ಷಣ ತಾಯಿ ದೇವರ ಮುಂದೆ ಕಣ್ಮುಚ್ಚಿ ಕುಳಿತಿದ್ದಳು.’ ಕಿಸ್‌ನೆ ದೇಖಾ? ಅದಕ್ಕಿಂತ ಮುಖ್ಯವಾಗಿ, ತಾನೇ ಮೈದಾನದಲ್ಲಿ ಆಡಿದ ಹೆಂಗಸು ಮಗನ ಪಂದ್ಯದ ಹೊತ್ತಿಗೆ ಕಣ್ಣು ಯಾಕೆ ಮುಚ್ಚುತ್ತಾಳೆ? ಆಟ ಗೊತ್ತಿಲ್ಲದ ನಾನು ಮುಚ್ಚಿಯೇನು. ‘ತಂದೆ ಮೌನವಾಗಿ ಹೆಮ್ಮೆಪಟ್ಟರು.’ ಮೌನವಾಗಿ ಪಟ್ಟಿದ್ದು ನಿನಗೆ ವಾಡಿಯಲ್ಲಿ ಹೇಗೆ ಕೇಳಿಸಿತು? ಈ ಪುಟದಲ್ಲಿ ಹೀಗೆ ಒಂಬತ್ತು ಕಡೆ ಗೀಟು ಹಾಕಿದ್ದೇನೆ, ಪ್ರತಿಯ ಜತೆ ವಾಪಸ್ ಬರುತ್ತದೆ.

ಪ್ರೇಮ ಕಥೆಗೆ ಮೂರು ಪುಟ ಕೊಟ್ಟಿದ್ದೀಯ. ಕೋಚ್ ಮಗಳು ಅಪ್ಪನ ಫೋನಿನಿಂದ ನಂಬರ್ ತೆಗೆದು ಅಭಿಮಾನಿ ಅಂತ ಮೆಸೇಜ್ ಕಳಿಸಿದ್ದು, ಆಮೇಲೆ ಗುಟ್ಟು ಬಯಲಾಗಿದ್ದು, ವರ್ಷಗಟ್ಟಲೆ ಕಾದು 2017ರ ಡಿಸೆಂಬರಿನಲ್ಲಿ ಮದುವೆಯಾಗಿದ್ದು. ಆತನೇ ಊರಿಗೆಲ್ಲ ಹೇಳಿದ ಕಥೆ, ಎಲ್ಲರ ಮೊಬೈಲಿಗೂ ಬಂದುಹೋಗಿದೆ, ಅರ್ಧ ಪುಟ ಸಾಕು. ಆದರೆ ಆ ಅಪ್ಪನನ್ನು ಸಿನಿಮಾದ ಸಿಡುಕು ಮಾವನ ಹಾಗೆ ತಂದು ನಿಲ್ಲಿಸಿದ್ದೀಯಲ್ಲ, ಅವರು ಸುಬ್ರತ ಭಟ್ಟಾಚಾರ್ಯ. 1974ರಿಂದ 1990ರ ತನಕ ಮೋಹನ್ ಬಗಾನ್ ಬಿಟ್ಟು ಬೇರೆ ಕ್ಲಬ್ಬಿನ ಅಂಗಿ ತೊಡದ ರಕ್ಷಣಾ ಆಟಗಾರ. ಈ ಹುಡುಗ ಕೋಲ್ಕತ್ತಕ್ಕೆ ಬಂದಾಗ ಅವನ ಕೋಚ್. ಒಂದೇ ಕ್ಲಬ್ಬಿಗೆ ಜೀವ ತೇಯ್ದ ಮಾವ, ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕ್ಯಾನ್ಸಸ್ ಸಿಟಿ, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಅಂತ ಊರೂರು ಅಲೆದು ಕೊನೆಗೆ ಬೆಂಗಳೂರಲ್ಲಿ ಬೇರೂರಿದ ಅಳಿಯ. ಅದರಲ್ಲೂ ಮೋಹನ್ ಬಗಾನಿನ ಬದ್ಧ ಎದುರಾಳಿ ಈಸ್ಟ್ ಬೆಂಗಾಲ್! ಮೋಹನ್ ಬಗಾನಿನ ಮನೆಯಲ್ಲಿ ಆ ವರ್ಷ ಊಟದ ಹೊತ್ತಿಗೆ ಏನು ಮಾತು ನಡೆಯಿತೋ. ಇಂಥದ್ದು ಎದುರಿಗಿದ್ದರೂ ನೀನು ಮೆಸೇಜಿನ ಹಿಂದೆ ಹೋದೆ.

ಮಗುವಿನ ಪ್ಯಾರಾ ಪೂರ್ತಿ ತೆಗೆದಿದ್ದೇನೆ. 2023ರ ಜೂನ್ 12ರಂದು ಭುವನೇಶ್ವರದಲ್ಲಿ ವನುವಾಟು ಎದುರು ಗೋಲು ಹೊಡೆದು, ಚೆಂಡನ್ನು ಅಂಗಿಯೊಳಗೆ ಇಟ್ಟುಕೊಂಡು ಮಗು ಬರುವ ಸುದ್ದಿಯನ್ನು ಆತನೇ ಜಗತ್ತಿಗೆ ತಿಳಿಸಿದ, ಆ ಸಾಲು ಇರಲಿ. ಮುಂದಿನದು, ಮಗು ಯಾರನ್ನು ಹೋಲುತ್ತದೆ, ದೊಡ್ಡವನಾಗಿ ಏನಾಗುತ್ತಾನೆ, ಅದೆಲ್ಲ ಬೇಡ. ಅಷ್ಟು ಸಣ್ಣ ಕೂಸು ಸಂದರ್ಶನ ಕೊಟ್ಟಿಲ್ಲ.

ಒಂಬತ್ತನೇ ಪುಟದ ಕೆಳಗೆ, ಆವರಣದಲ್ಲಿ, ನೀನು ಎರಡು ಸಾಲು ತುರುಕಿದ್ದೀಯ: ‘ನನ್ನ ತಂದೆ ರೈಲ್ವೆಯಲ್ಲಿ. ಕುರ್ಡುವಾಡಿ, ಸೊಲ್ಲಾಪುರ ಮುಗಿಸಿ ವಾಡಿಗೆ ಬಂದಾಗ ನನಗೆ ಮರಾಠಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿ ಮೊದಲ ತಿಂಗಳು ನನ್ನನ್ನು ಮಾತಾಡಿಸಿದ್ದು ಗೋಲು ಕಾಯಲು ಆಳು ಕಡಿಮೆ ಬಿದ್ದ ದಿನ.’ ಇದನ್ನು ಆವರಣದಲ್ಲಿ ಯಾಕೆ ಬಚ್ಚಿಟ್ಟೆ? ಹನ್ನೊಂದು ಪುಟದಲ್ಲಿ ನಿನ್ನ ಕಣ್ಣಾರೆ ಕಂಡದ್ದು ರೈಲಿನ ಪ್ಯಾರಾ ಮತ್ತು ಇದು, ಎರಡೇ. ವರ್ಗಾವಣೆಯ ನೌಕರಿಯ ಮಕ್ಕಳಿಗೆ ಆಟ ಅಂದರೆ ಏನು ಅನ್ನುವುದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನಾನು ಹುಟ್ಟಿದ ಓಣಿಯಲ್ಲೇ ಇದ್ದೇನೆ. ಕ್ವಾರ್ಟರ್ಸ್ ಖಾಲಿ ಮಾಡುವಾಗ ಯಾವ ಸಾಮಾನು ಬಿಟ್ಟು ಬರುತ್ತಾರೆ, ಹೊಸ ಶಾಲೆಯ ಮೈದಾನದಲ್ಲಿ ಹೊಸ ಹುಡುಗನನ್ನು ಎಲ್ಲಿ ನಿಲ್ಲಿಸುತ್ತಾರೆ, ಅಪ್ಪ ಮತ್ತೆ ವರ್ಗ ಆಯ್ತು ಅಂದ ರಾತ್ರಿ ಮನೆಯಲ್ಲಿ ಯಾರು ಏನಂದರು, ಇದನ್ನು ಬರೆ. ಛೆಟ್ರಿಗೂ ಹೀಗೇ ಆಗಿರಬೇಕು ಅಂತ ಮಾತ್ರ ಬರೆಯಬೇಡ, ಅಲ್ಲೂ ಕೆಂಪು ಗೀಟು ಬೀಳುತ್ತದೆ. ಆತನ ಊರುಗಳ ಪಟ್ಟಿ ಒಂದು ಕಡೆ, ನಿನ್ನ ಊರುಗಳು ಇನ್ನೊಂದು ಕಡೆ ಇಡು, ನಡುವೆ ಸೇತುವೆ ಕಟ್ಟುವ ಕೆಲಸ ಓದುವವರಿಗೆ ಬಿಡು.

ಹಾಂ, ಆ ಎರಡು ಸಾಲಿನಲ್ಲೂ ಅಪ್ಪನ ನೌಕರಿ ಇದೆ, ಅವ್ವ ಇಲ್ಲ. ಮೂರು ಊರಲ್ಲಿ ಮೂರು ಸಲ ಮನೆ ಹೂಡಿದವರು ಯಾರು ಅಂತ ಕೇಳಿಕೊಂಡು ಬರೆ.

ಆರು ಪುಟ ಮೀರಬೇಡ. ಶೀರ್ಷಿಕೆ ನಾನು ಇಡುತ್ತೇನೆ, ನೀನು ಇಟ್ಟರೆ ಮತ್ತೆ ಬಾನಂಗಳಕ್ಕೆ ಹೋಗುತ್ತೀಯ. ಇಂಟರ್‌ನೆಟ್ಟಿನಿಂದ ಇಳಿಸಿದ ಮದುವೆ ಫೋಟೊಗಳನ್ನು ಕಳಿಸಬೇಡ, ಅದರ ಹಕ್ಕು ಬೇರೆಯವರದು. ವಾಡಿಯ ಆ ಶಾಲೆಯ ಮೈದಾನದ ಫೋಟೊ ನೀನೇ ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಆದೀತು. ಬೆಳಗ್ಗೆ ತೆಗೆ, ಮಧ್ಯಾಹ್ನದ ಬಿಸಿಲಿಗೆ ಪಟದಲ್ಲಿ ಏನೂ ಮೂಡುವುದಿಲ್ಲ.